ನಾರ್ಮಲ್ ಬಾಟಲಿ

ನಿದ್ದೆಯಲ್ಲಿ ತಾನು ಎದ್ದು ಕೂತಿದ್ದೆನೆಂದು ಹೆಂಡತಿ ಹೇಳಿದ್ದನ್ನು ದಿಗಂಬರ ನಂಬಲಿಲ್ಲ. “ಖರೇನ ಹೇಳ್ತೇನ್ರಿ, ಹಾಸಿಗಿ ಮ್ಯಾಲೆ ನೆಟ್ಟಗ ಕೂತಿದ್ರಿ. ಕಣ್ಣು ತೆರದಿದ್ದೂ. ಬಾಗಲಾ ನೋಡ್ಲಿಕ್ಕತ್ತಿದ್ರಿ. ಕರದ್ರ ಓ ಅನ್ಲಿಲ್ಲ,” ಎಂದು ಧನಶ್ರೀ ಚಹಾದ ಕಪ್ಪನ್ನು ಅವನ ಮುಂದೆ ಕುಕ್ಕಿದಳು. ಕುಕ್ಕಿದ್ದು ಸಿಟ್ಟಿನಿಂದಲ್ಲ, ಅಂಜಿಕೆಯಿಂದ ಎಂದು ಅವನಿಗೆ ಹೊಳೆದದ್ದು ಬಸ್ಸು ಹತ್ತಿದ ಮೇಲೆ. ಬಾಗಿಲಲ್ಲಿ ಏನಿತ್ತು ಎಂದು ಕೇಳಬೇಕಿತ್ತು, ಕೇಳಲಿಲ್ಲ. ಎಲ್ಲರಿಗೂ ಹೇಳುವಂತೆ, “ನನಗೇನ್ ಆಗೇದ? ನಾ ಆರಾಮ ಇದ್ದೇನಿ,” ಎಂದು ಹೇಳಿ ಬಂದಿದ್ದ. ಆರಾಮವಾಗಿಯೇ ಇದ್ದ ಪುಣ್ಯಾತ್ಮ. ಗೋವಾದ ಮಡಗಾಂವದಲ್ಲಿ ಅವನು ಕೆಲಸ ಮಾಡುವ ಖಾಸಗಿ ಲ್ಯಾಬಿನಲ್ಲಿ ಅವನ ಕೈ ನಡುಗಿದ್ದನ್ನು ಯಾರೂ ಕಂಡಿಲ್ಲ. ಹಸುಗೂಸಿನ ನರವೂ ಅವನ ಸೂಜಿಗೆ ಮೊದಲ ಸಲಕ್ಕೇ ಸಿಗುತ್ತದೆ. ಲ್ಯಾಬಿನ ಮಾಲೀಕ ಡಾಕ್ಟರು, ಎಲ್ಲರೂ ವಿಕ್ರಮ ಬಾಬ ಎಂದು ಕರೆಯುವವರು, ಪೇಷಂಟುಗಳ ಎದುರಿಗೇ ಬೈದರೂ ಅವನ ಮುಖದ ಒಂದು ಗೆರೆ ಅಲ್ಲಾಡುವುದಿಲ್ಲ. ಇವತ್ತೂ ಬಸ್ಸಿನಲ್ಲಿ ಕಂಡಕ್ಟರು ಮುಂದಿನ ಸೀಟಿನ ಕೂಲಿಯವನನ್ನು “ಘಾಂಟಿ” ಎಂದು ಗದರಿಸಿದ. ಘಟ್ಟ ಇಳಿದು ಬಂದವರನ್ನು ಇಲ್ಲಿಯವರು ಸಿಟ್ಟು ಬಂದಾಗ ಕರೆಯುವ ಹೆಸರು ಅದು. ದಿಗಂಬರ ಕಿಟಕಿಯಾಚೆ ನೋಡಿದ. ತಾನೂ ಘಟ್ಟ ಇಳಿದವನೇ, ಧಾರವಾಡದವನೇ. ಆದರೆ ಇಸ್ತ್ರಿ ಅಂಗಿ, ಒಳ್ಳೆಯ ಕೊಂಕಣಿ ಇರುವುದರಿಂದ ಆ ಶಬ್ದ ತನ್ನ ತಲೆಯ ಮೇಲಿಂದ ಹಾದು ಹೋಗುತ್ತದೆ ಎಂದು ಅವನ ನಂಬಿಕೆ. ಮೇಲಿಂದ ಹೋಗುತ್ತದೆಯೋ ಒಳಗೆ ಇಳಿಯುತ್ತದೆಯೋ, ಅಳೆದು ನೋಡಿದವರು ಯಾರು?

ಅಳೆಯುವುದು ಅವನದೇ ಕೆಲಸ ಎಂಬುದು ಇದರೊಳಗಿನ ತಮಾಷೆ. ಮನುಷ್ಯ ಹೆದರಿದಾಗ ರಕ್ತಕ್ಕೆ ನುಗ್ಗುವ ಅಡ್ರಿನಲಿನ್ ಎಂಬ ರಸ, ಎದೆಯನ್ನು ಬಡಿದು, ಬೆವರಿಳಿಸಿ, ಕೈಕಾಲು ತಣ್ಣಗೆ ಮಾಡಿ, ಆಮೇಲೆ ಒಡೆದು ಪುಡಿಯಾಗಿ ಮೂತ್ರದಲ್ಲಿ ಇಳಿದು ಹೋಗುತ್ತದೆ. ಆ ಪುಡಿಗೆ ಔಷಧ ಹಾಕಿದರೆ ನಸುಗೆಂಪು ಬಣ್ಣ ಏಳುತ್ತದೆ. ಬಣ್ಣ ಗಾಢವಾದಷ್ಟೂ ಹೆದರಿಕೆ ಹೆಚ್ಚು. ಕೆಲವರಿಗೆ ಹೆದರುವ ಕಾರಣವೇ ಬೇಡ, ಮೂತ್ರಪಿಂಡದ ನೆತ್ತಿಯ ಮೇಲೊಂದು ಗಂಟು ಬೆಳೆದು ಅದು ಸುಮ್ಮಸುಮ್ಮನೆ ಆ ರಸವನ್ನು ಸುರಿಯುತ್ತಿರುತ್ತದೆ. ಅಂಥ ಗಂಟನ್ನು ಹಿಡಿಯಲೆಂದೇ ಈ ಪರೀಕ್ಷೆ. ಅವನ ಅಜ್ಜಿ ಪದ್ಮಾಬಾಯಿಗೆ ಇದೆಲ್ಲ ಲ್ಯಾಬಿಲ್ಲದೆ ಗೊತ್ತಿತ್ತು. ಹುಡುಗ ನಾಯಿಗೋ ಸಿಡಿಲಿಗೋ ಬೆಚ್ಚಿದರೆ ಅವಳು ಸೌಟನ್ನು ಕೆಂಡದಲ್ಲಿ ಕಾಯಿಸಿ ತಣ್ಣೀರಿನಲ್ಲಿ ಚುಂಯ್ ಎನ್ನಿಸಿ ಆ ನೀರು ಕುಡಿಸುತ್ತಿದ್ದಳು, ಆಮೇಲೆ ಹಿತ್ತಲಿಗೆ ಕರೆದೊಯ್ದು ನಿಲ್ಲಿಸಿ, “ಹೊಯ್ಯಿ ಕೂಸ, ಅಂಜಿಕಿ ಎಲ್ಲಾ ಹೋಗ್ಲಿ,” ಎನ್ನುತ್ತಿದ್ದಳು. ಹೋಗುತ್ತಿತ್ತು ಕೂಡ. ಈಗ ಎಲ್ಲಿಗೆ ಹೋಗುತ್ತದೆ ಎಂಬುದು ಅವನಿಗೆ ಗೊತ್ತು, ಫ್ರಿಜ್ಜಿನ ಕೆಳಗಿನ ಅರೆಗೆ.

ಕೆಳಗಿನ ಅರೆಯಲ್ಲಿ ಸಾಲಾಗಿ ಇಟ್ಟ ಚಿಕ್ಕ ಬಾಟಲಿಗಳ ಮೇಲೆ ಅವನದೇ ಅಕ್ಷರದಲ್ಲಿ ‘ನಾರ್ಮಲ್’ ಎಂದು ಬರೆದಿತ್ತು. ಅಳತೆ ಎಂದ ಮೇಲೆ ಒಂದು ತೂಕದ ಕಲ್ಲು ಬೇಕಲ್ಲ. ಮೊಹರು ಹಾಕಿದ ಅಸಲಿ ಕಲ್ಲು, ಅಂದರೆ ಇಷ್ಟೇ ಪ್ರಮಾಣ ಇದೆ ಎಂದು ಕಂಪನಿಯೇ ಬರೆದು ಕೊಡುವ ಬಾಟಲಿ, ಮುಂಬಯಿಯಿಂದ ಬರಬೇಕು. ಬರುವುದು ತಡವಾದಾಗ ವಿಕ್ರಮ ಬಾಬ, “ಮ್ಯಾನೇಜ್ ಕರ್ ರೇ,” ಎಂದಿದ್ದರು. ದಿಗಂಬರ ಮ್ಯಾನೇಜ್ ಮಾಡಿದ. ಒಂದು ಆದಿತ್ಯವಾರ ಕಾಫಿ ಬಿಟ್ಟು, ಬಾಳೆಹಣ್ಣು ಬಿಟ್ಟು, ಬೆಳಗಿನಿಂದ ಮರುಬೆಳಗಿನವರೆಗೆ ತನ್ನದೇ ಮೂತ್ರವನ್ನು ಕ್ಯಾನಿನಲ್ಲಿ ಹಿಡಿದು, ಅಸಲಿ ಬಾಟಲಿಯ ಕೊನೆಯ ಹನಿಗೆ ಹೋಲಿಸಿ ನೋಡಿದ. ಪುಸ್ತಕದಲ್ಲಿ ಬರೆದಂತೆ ನಟ್ಟನಡುವಿನ ಅಂಕಿ ಬಂತು, ಆರೋಗ್ಯವಂತ ಶಾಂತ ಮನುಷ್ಯನ ಅಂಕಿ. ಅಂದಿನಿಂದ ಅವನೇ ತೂಕದ ಕಲ್ಲು. ಬಾಟಲಿ ಮುಗಿದಾಗೆಲ್ಲ ಹೊಸ ಆದಿತ್ಯವಾರ. ದಕ್ಷಿಣ ಗೋವಾದ ಯಾರಿಗೆ ಎಷ್ಟು ಹೆದರಿಕೆ ಎಂಬುದು ಅವನಿಗೆ ಹೋಲಿಸಿ ತೀರ್ಮಾನವಾಗುತ್ತಿತ್ತು. ಜೊತೆಗೆ ಕೆಲಸ ಮಾಡುವ ಬೆಳಗಾವಿಯ ರಂಜನಾ, “ನಿಮ್ಮ ಉಚ್ಚಿಗೆ ಅರಿಷಿಣ ಕುಂಕುಮ ಹಚ್ಚಿ ಪೂಜಾ ಮಾಡ್ಬೇಕ್ರಿ ದಿಗಂಬರ ಅವರ,” ಎಂದು ಛೇಡಿಸುವಾಗ ಅವನು ನಗುತ್ತಿದ್ದ. ಒಳಗೊಳಗೆ ಹೆಮ್ಮೆಯೇ ಇತ್ತು, ಸುಳ್ಳು ಯಾಕೆ. ಜೀವಮಾನದಲ್ಲಿ ಅವನು ಯಾವುದರಲ್ಲೂ ಪ್ರಮಾಣವಾಗಿರಲಿಲ್ಲ.

ಇವತ್ತು ಮುಂಬಯಿಯ ಮೊಹರಿನ ಬಾಟಲಿ ಕೊನೆಗೂ ಬಂದಿತ್ತು. ದಿಗಂಬರ ಅದನ್ನು ಒಡೆದು ಒಂದು ನಳಿಗೆಯಲ್ಲಿ ಹಾಕಿದ, ಪಕ್ಕದ ನಳಿಗೆಯಲ್ಲಿ ತನ್ನ ‘ನಾರ್ಮಲ್’ ಹಾಕಿದ, ಔಷಧ ಬೆರೆಸಿ ಕಾದ. ಮೊಹರಿನ ಬಾಟಲಿಯದು ತೆಳುವಾಗಿ, ತೊಳೆದ ದಾಸವಾಳದ ನೀರಿನಂತೆ ನಿಂತಿತು. ಅವನದು ಏರಿತು. ನಿಲ್ಲಬಹುದು ಅಂದುಕೊಂಡ ಕಡೆ ನಿಲ್ಲದೆ ಇನ್ನೂ ಏರಿ, ಕೆಂಪಾಗಿ, ದಟ್ಟವಾಗಿ ನಳಿಗೆಯ ಆಚೆ ಇದ್ದ ಅವನ ಬೆರಳನ್ನು ಮುಚ್ಚಿತು. ಕೈ ತಪ್ಪಿರಬೇಕೆಂದು ಇನ್ನೊಮ್ಮೆ ಮಾಡಿದ. ಅದೇ ಕೆಂಪು. ರಂಜನಾಳಿಗೆ ಹೇಳದೆ, ಬಚ್ಚಲಿಗೆ ಹೋಗಿ, ಈಗ ತಾನೇ ಹೊಯ್ದ ಬೆಚ್ಚಗಿನದನ್ನೂ ತಂದು ಹಾಕಿದ. ಅದು ಇನ್ನೂ ಕೆಂಪಾಯಿತು. ಎದೆ ಹೊಡೆದುಕೊಳ್ಳುತ್ತಿರಲಿಲ್ಲ, ಬಾಯಿ ಒಣಗಿರಲಿಲ್ಲ, ಕೈ ಕಲ್ಲಿನಂತೆ ಸ್ಥಿರವಾಗಿತ್ತು. ಆ ಸ್ಥಿರವಾದ ಕೈಯಲ್ಲಿ ಹಿಡಿದ ಗಾಜಿನೊಳಗೆ ಯಾರೋ ಒಬ್ಬ ಜೀವ ಬಾಯಿಗೆ ಬಂದಂತೆ ಹೆದರಿ ನಿಂತಿದ್ದ. ಯಾರಪ್ಪಾ ನೀನು ಎಂದು ದಿಗಂಬರ ಕೇಳಿದ, ಬಾಯಿ ಬಿಟ್ಟೇ ಕೇಳಿದನೇನೋ, ರಂಜನಾ ತಿರುಗಿ ನೋಡಿದಳು. ತನ್ನ ಅನ್ನ ಉಂಡು, ತನ್ನ ಹಾಸಿಗೆಯಲ್ಲಿ ಮಲಗಿ, ತಾನು ನಿದ್ದೆ ಹೋದ ಮೇಲೆ ಎದ್ದು ಕೂತು ಬಾಗಿಲು ನೋಡುವವನು. ಎಂದಿನಿಂದ ಇದ್ದಾನೆ ಇವನು?

ಎಂದಿನಿಂದ ಎಂಬುದಕ್ಕೆ ಉತ್ತರ ಗೊತ್ತಿತ್ತು. ಅದು ಗೊತ್ತಿದೆ ಎನ್ನುವುದು ಈಗ ತಾನೇ ಅವನಿಗೆ ಗೊತ್ತಾಗುತ್ತಿತ್ತು. ಮಳೆಗಾಲ ಮುಗಿದ ಮೇಲೆ ಹಿಡಿದ ಹೊಸ ಬಾಟಲಿಯ ಬಣ್ಣ ಹಳೆಯದಕ್ಕಿಂತ ಗಾಢವಾಗಿ ಬಂದಿತ್ತು. ಆಗ ಅವನು ಕ್ಷಣ ಹೊತ್ತು ನೋಡಿ, ಯಂತ್ರ ಕೆಟ್ಟಿದೆ ಎಂದುಕೊಂಡಿದ್ದ. ನಾನಂತೂ ಬದಲಾಗಲಿಕ್ಕೆ ಸಾಧ್ಯವಿಲ್ಲ, ಯಂತ್ರವೇ ಬದಲಾಗಿರಬೇಕು. ಹಾಗೆಂದು ಯಂತ್ರದ ಕಿವಿ ಹಿಂಡಿ, ಆ ಗಾಢ ಬಣ್ಣಕ್ಕೂ ಹಳೆಯ ನಾರ್ಮಲ್ ಅಂಕಿಯೇ ಬರುವಂತೆ ಕೂಡಿಸಿ ಕೂತಿದ್ದ. ಧಾರವಾಡದ ಮಂಗಳವಾರದ ಸಂತೆಯಲ್ಲಿ ಕಾಯಿಪಲ್ಯೆಯ ಮುದುಕಿ ಕಿಲೋ ಬಟ್ಟಿನ ಬದಲಿಗೆ ಇಡುತ್ತಿದ್ದ ಕಲ್ಲು ನೆನಪಾಯಿತು. ಆ ಕಲ್ಲೇ ಭಾರವಾದರೆ ತಕ್ಕಡಿಯಲ್ಲಿ ಎಲ್ಲರ ಬದನೆಕಾಯಿಯೂ ಹಗುರಾಗುತ್ತದೆ. ಅವನ ಹೆದರಿಕೆ ಏರಿದಷ್ಟೂ ಎಲ್ಲರ ಹೆದರಿಕೆ ಇಳಿದಿತ್ತು. ಮಳೆಗಾಲದಿಂದೀಚೆಗೆ ಆ ಪರೀಕ್ಷೆಗೆ ಬಂದವರು ಯಾರು ಎಂದು ನೆನೆಯಲು ಹೋದರೆ ಒಬ್ಬಳೇ ಎದುರಿಗೆ ಬಂದು ನಿಂತಳು, ಸೆರಗಿನೊಳಗೆ ಕ್ಯಾನು ಮುಚ್ಚಿಕೊಂಡು, ಕೂಸು ಎತ್ತಿಕೊಂಡವಳಂತೆ.

ಅವಳು ಶಿವವ್ವ, ಊರ ನಡುವಿನ ಮೋತಿ ಡೊಂಗರ್ ಗುಡ್ಡದವಳು. ಗಂಡ ಗಂಗಪ್ಪ ಗಾರೆ ಕೆಲಸದವನು, ವಿಜಾಪುರದ ಕಡೆಯವರು. ಅವಳ ಪಿತ್ತಕೋಶದಲ್ಲಿ ಕಲ್ಲು; ಕೊಯ್ಯಬೇಕೆಂದು ಸರ್ಜನರು ಕೈ ಹಾಕುವಷ್ಟರಲ್ಲಿ ಅವಳ ರಕ್ತದೊತ್ತಡ ಒಮ್ಮೊಮ್ಮೆ ಕಾರಣವಿಲ್ಲದೆ ಹಾರುವುದು ಕಂಡು, ಈ ಪರೀಕ್ಷೆ ಮಾಡಿಸಿ ತಾ ಎಂದಿದ್ದರು. ಹೆಚ್ಚು ಬಂದರೆ ಅವಳನ್ನು ಟೇಬಲ್ ಮೇಲೆ ಮಲಗಿಸುವ ಹಾಗಿಲ್ಲ, ಹಾಗೇ ಮಲಗಿಸಿದರೆ ಒತ್ತಡ ನೆತ್ತಿಗೇರಿ ಏಳುವುದೇ ಅನುಮಾನ ಎಂದು ದಿಗಂಬರನಿಗೆ ಫೋನಿನಲ್ಲಿ ಖುದ್ದು ಹೇಳಿದ್ದರು. ಮೊದಲ ದಿನ ಅವಳು ಕೌಂಟರಿನಲ್ಲಿ, “ಅಣ್ಣಾರ, ಇದರಾಗ ಹೆಂಗ ಹಿಡೀಬೇಕ್ರಿ?” ಎಂದು ಕನ್ನಡದಲ್ಲಿ ಕೇಳಿದಳು. ಬೆಂಚಿನ ಮೇಲೆ ಊರಿನ ದೊಡ್ಡ ಮನೆಗಳ ಹೆಂಗಸರು ಕೂತಿದ್ದರು. ದಿಗಂಬರ, “ಕಿತೆಂ?” ಎಂದ, ಏನು ಎಂದು ಅರ್ಥವಾಗದವನ ಮುಖ ಮಾಡಿ. ಬೆಳಗಿನ ಮೊದಲನೆಯದನ್ನು ಚೆಲ್ಲು, ಆಮೇಲಿನದೆಲ್ಲ ಇದರಲ್ಲಿ, ಮಾರನೇ ಬೆಳಗಿನದೂ ಇದರಲ್ಲಿ, ಒಂದು ಹನಿ ಹೊರಗೆ ಹೋಗಬಾರದು ಎಂದು ಎಲ್ಲರಿಗೂ ಕೇಳುವಂತೆ ಕೊಂಕಣಿಯಲ್ಲಿ ಒದರಿದ. ಅವಳು ತಲೆ ಬಗ್ಗಿಸಿ ಕೇಳಿಸಿಕೊಂಡಳು. ಗುಡ್ಡದಲ್ಲಿ ಸಾಲು ಮನೆಗಳಿಗೆಲ್ಲ ಒಂದೇ ಪಾಯಖಾನೆ, ಅದರ ಮುಂದಿನ ಪಾಳಿಯಲ್ಲಿ ಒಂದು ಹಗಲು ಒಂದು ರಾತ್ರಿ ಕ್ಯಾನು ಹಿಡಿದು ನಿಲ್ಲುವುದು ಹೇಗೆ ಎಂದು ಅವನಿಗೆ ಆಗ ಹೊಳೆಯಲಿಲ್ಲ. ಹೊಳೆದಿದ್ದರೂ ಏನು ಮಾಡುತ್ತಿದ್ದ? ಅವಳು ತಂದು ಕೊಟ್ಟಳು, ಅವನು ಅಳೆದ, ನಾರ್ಮಲ್ ಎಂದು ಬರೆದು ಕೊಟ್ಟ. ಆಪರೇಷನ್ ನಾಳೆ ಬೆಳಿಗ್ಗೆ. ಇವತ್ತು ಸಂಜೆ ಭರ್ತಿ ಆಗಬೇಕು.

ಆಮ್ಲ ಹಾಕಿದ್ದರಿಂದ ಅವಳ ಮಾದರಿ ಫ್ರಿಜ್ಜಿನಲ್ಲಿ ಕೆಡದೆ ಉಳಿದಿತ್ತು. ಅವನು ಅದನ್ನು ಮೊಹರಿನ ಬಾಟಲಿಯ ಪಕ್ಕದಲ್ಲಿಟ್ಟು ಅಳೆದ. ಬಣ್ಣ ಏಳುವುದನ್ನು ನೋಡಲಾರದೆ ಗೋಡೆಯ ಕಡೆ ತಿರುಗಿ ನಿಂತ. “ಅಯ್ಯ, ಇದೇನ್ರಿ ಇದು, ರಕ್ತ ಇದ್ದಂಗ ಅದಲ್ಲ!” ಎಂದು ರಂಜನಾ ಹಿಂದಿನಿಂದ ಕೂಗಿದಾಗ ತಿರುಗಿದ. ಮೂರು ನಳಿಗೆಗಳು, ಒಂದು ತಿಳಿ ಬಣ್ಣದ್ದು, ಎರಡು ಕೆಂಪು. ಅವಳದು ಹೆಚ್ಚು ಕೆಂಪು, ಆದರೆ ಪಕ್ಕದಲ್ಲಿ ನಿಂತ ಅವನದು ಅವಳ ತಮ್ಮನಂತೆ ಕಾಣುತ್ತಿತ್ತು. ರಂಜನಾಳಿಗೆ ವಿಷಯ ಹೇಳಲೇಬೇಕಾಯಿತು. ಹೇಳಿದ. ಅವಳು ಛೇಡಿಸಲಿಲ್ಲ. “ಈಗಿಂದೀಗ ಫೋನ್ ಮಾಡ್ರಿ,” ಎಂದಳು. ಮಾಡಿದ. ವಿಕ್ರಮ ಬಾಬರ ಮೊಬೈಲು ಬಂದ್ ಆಗಿತ್ತು. ಊಟ ಮುಗಿದು ಅವರು ಮಲಗಿದರೆ ಸಾಯಂಕಾಲದವರೆಗೆ ಯಮನೂ ಎಬ್ಬಿಸುವ ಹಾಗಿಲ್ಲ. ಆಸ್ಪತ್ರೆಗೆ ಮಾಡಿದ. ನರ್ಸು ಎತ್ತಿ ಯಾರು ಎಂದು ಕೇಳಿದಳು. ಯಾರು? ಅಷ್ಟು ಸಾಧಾರಣ ಪ್ರಶ್ನೆಗೆ ನಾಲಿಗೆ ಹೊರಳಲಿಲ್ಲ. ಅವಳು ಇನ್ನೊಮ್ಮೆ ಕೇಳಿದಳು, ಅವನು ಫೋನು ಇಟ್ಟ. ಇಟ್ಟ ಕೂಡಲೆ ಒಂದು ಉಪಾಯ ಹೊಳೆಯಿತು. ಅವರು ಭರ್ತಿಗೆ ಬರದೇ ಹೋದರೆ? ಯಂತ್ರ ರಿಪೇರಿಗೆ ಬಂದಿದೆ, ಇನ್ನೊಮ್ಮೆ ಕ್ಯಾನು ಕೊಡಬೇಕು, ಆಪರೇಷನ್ ನಾಲ್ಕು ದಿನ ಮುಂದೆ ಹಾಕಿ ಎಂದು ಗುಡ್ಡಕ್ಕೆ ಹೋಗಿ ಹೇಳಿಬಿಟ್ಟರೆ ಸಾಕಲ್ಲ. ಹೊಸ ಮಾದರಿಯಲ್ಲಿ ಸರಿಯಾದ ಅಂಕಿ ಬರುತ್ತದೆ, ಹಳೆಯದನ್ನು ಯಾರು ಕೆದಕುತ್ತಾರೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. “ನಾನ ಹೋಗಿ ಬರ್ತೇನಿ,” ಎಂದು ಅವನು ಚಪ್ಪಲಿ ಮೆಟ್ಟಿದಾಗ ರಂಜನಾ ಅವನ ಮುಖವನ್ನೇ ನೋಡಿದಳು. “ಫೋನಿನ್ಯಾಗ ಹೇಳೂದು ಬಿಟ್ಟು ಗುಡ್ಡಾ ಯಾಕ ಹತ್ತತೀರಿ?” ಎಂದಳು. ಅವನು ಕೇಳಿಸದವನಂತೆ ಹೊರಬಿದ್ದ.

ಗೋವಾದ ಮಧ್ಯಾಹ್ನ ಅವನಿಗೆ ಇಷ್ಟು ವರ್ಷಗಳಾದರೂ ಒಗ್ಗಿರಲಿಲ್ಲ. ಊಟವಾದ ಕೂಡಲೆ ಅಂಗಡಿಗಳ ಶಟರ್ ಬೀಳುತ್ತವೆ, ಬಾಲ್ಕನಿಗಳ ಬಾಗಿಲು ಮುಚ್ಚುತ್ತವೆ, ಇಡೀ ಪೇಟೆ ಉಸಿರು ಬಿಗಿಹಿಡಿದು ಮಲಗುತ್ತದೆ. ಮಟಮಟ ಮಧ್ಯಾಹ್ನ ಒಬ್ಬನೇ ತಿರುಗಬ್ಯಾಡ, ಅವು ತಿರುಗೋ ಹೊತ್ತು ಅದು ಎಂದು ಪದ್ಮಾಬಾಯಿ ಹೇಳುತ್ತಿದ್ದಳು. ಅವು ಎಂದರೆ ಯಾವುವು ಎಂದು ಹೇಳುತ್ತಿರಲಿಲ್ಲ. ಚರ್ಚಿನ ಎದುರಿನ ರಸ್ತೆಯಲ್ಲಿ ನೆರಳು ಕಾಲಡಿಗೇ ಕುಗ್ಗಿತ್ತು. ಎಲ್ಲೋ ಹಿಂದೆ ಯಾರೋ ಒನಕೆಯಲ್ಲಿ ಕುಟ್ಟುತ್ತಿದ್ದರು, ಧಡ್ ಧಡ್ ಧಡ್. ಈ ಊರಲ್ಲಿ ಈ ಹೊತ್ತಿನಲ್ಲಿ ಒನಕೆ ಯಾರದು ಎಂದು ಅವನು ನಿಂತು ತಿರುಗಿ ನೋಡಿದ. ಯಾರೂ ಇರಲಿಲ್ಲ. ನಡೆದ, ಸದ್ದು ಜೊತೆಗೇ ಬಂತು. ಸಂದಿಗೆ ಹೊರಳಿದ, ಅದೂ ಹೊರಳಿತು. ಮೆಟ್ಟಿಲು ಶುರುವಾಗುವಲ್ಲಿ ಗೋಡೆಗೆ ಕೈ ಊರಿದಾಗ ತಿಳಿಯಿತು, ಕುಟ್ಟುತ್ತಿದ್ದದ್ದು ತನ್ನ ಎದೆಯೊಳಗೆ. ಆದರೆ ತನಗೆ ಹೆದರಿಕೆಯಾಗಿಲ್ಲವಲ್ಲ! ಇದು ಅವನ ಸದ್ದು, ಬಾಟಲಿಯವನದು. ಅವನು ತನಗಿಂತ ಮೊದಲೇ ಗುಡ್ಡ ಹತ್ತಲು ಶುರುಮಾಡಿದ್ದ. ದಿಗಂಬರನಿಗೆ ಅಪ್ಪನ ನೆನಪಾಯಿತು, ಸಾಲಿಯ ಕಾರಕೂನ, ಹೆಡ್‌ಮಾಸ್ತರರು ಬೈದರೆ ಹಲ್ಲು ಕಿರಿದು ನಕ್ಕು ಮನೆಗೆ ಬಂದು ಗೋಡೆಗೆ ಮುಖ ಮಾಡಿ ಕೂರುತ್ತಿದ್ದವರು. ಏನ್ ನೋಡ್ತೀರಿ ಅಪ್ಪಾ ಎಂದರೆ ಏನಿಲ್ಲ ಎನ್ನುತ್ತಿದ್ದರು. ಈಗ ಆ ಗೋಡೆಯಲ್ಲಿ ಯಾರಿದ್ದರು ಎಂದು ಕೇಳಲು ಅವರಿಲ್ಲ.

ಕೆಂಪು ಕಲ್ಲಿನ ಮೆಟ್ಟಿಲುಗಳ ಎರಡೂ ಬದಿ ತಗಡಿನ ಮನೆಗಳು. ನಲ್ಲಿಯ ಹತ್ತಿರ ಕೊಡಗಳು ಮನುಷ್ಯರಿಲ್ಲದೆ ಪಾಳಿ ಹಚ್ಚಿದ್ದವು. ಇಲ್ಲಿ ಯಾರಾದರೂ ಗುರುತಿನವರು ನೋಡಿಬಿಟ್ಟರೆ ಎಂದು ಎಂದಿನಂತೆ ಅನಿಸಿ ಅವನು ಬಿರಬಿರನೆ ಹತ್ತಿದ. ಶಿವವ್ವನ ಮನೆ ತೋರಿಸಿದವಳು ಪಕ್ಕದ ಮನೆಯ ಮುದುಕಿ ಜೈತುನಬಿ, ಹೊಸ್ತಿಲಲ್ಲಿ ಬೆಳ್ಳುಳ್ಳಿ ಸುಲಿಯುತ್ತ ಕೂತಿದ್ದವಳು. ಲ್ಯಾಬಿನವನೆಂದು ಕೇಳಿ ಅವಳು ಬೆಳ್ಳುಳ್ಳಿಯ ಮೊರವನ್ನು ಕೆಳಗಿಟ್ಟಳು. “ನೀವೇನ್ರಿ ಆ ನಾರ್ಮಲ್ ಬರದಾವ್ರು?” ಎಂದಳು. ಆ ದನಿಯಲ್ಲಿ ಮರ್ಯಾದೆ ಇತ್ತೋ ಬೈಗುಳ ಇತ್ತೋ ತಿಳಿಯದೆ ಅವನು ಒಳಗೆ ಬಗ್ಗಿದ. ಒಂದೇ ಕೋಣೆ. ಭರ್ತಿಗೆಂದು ಕಟ್ಟಿಟ್ಟ ಕೈಚೀಲ, ಅದರ ಮೇಲೆ ತಾಟು ಲೋಟ. ಗಾಳಿಯಲ್ಲಿ ಏನೋ ಘಾಟು, ಮೂಗಿನ ತುದಿ ಉರಿಯುವಂಥದು. ಗೋಡೆಗೆ ಒರಗಿ ಶಿವವ್ವ ಕೂತಿದ್ದಳು. ಕಣ್ಣು ಕೆಂಪಗೆ ಬಾತು, ತುಟಿ ಒಡೆದಿತ್ತು. ಗಂಗಪ್ಪ ಸುಣ್ಣದ ಕೈಯನ್ನು ಪಂಚೆಗೆ ಒರೆಸುತ್ತ ಎದ್ದು, “ಬರ್ರಿ ಸಾಹೇಬ್ರ,” ಎಂದ.

ದಿಗಂಬರ ಹೊಸ್ತಿಲ ಹತ್ತಿರವೇ ನಿಂತು ರೂಢಿಯಂತೆ ಕೊಂಕಣಿಯಲ್ಲಿ ಶುರುಮಾಡಿದ, ಯಂತ್ರ, ರಿಪೇರಿ, ಇನ್ನೊಂದು ಕ್ಯಾನು. ಮಾತು ಅರ್ಧಕ್ಕೆ ಬಂದಿತ್ತು. “ಕನ್ನಡದಾಗ ಹೇಳ್ರಿ ಅಣ್ಣಾರ,” ಎಂದಳು ಶಿವವ್ವ, ದನಿ ಎತ್ತದೆ. “ನಿಮಗ ಬರ್ತದ. ಆವತ್ತ ಕ್ಯಾನ್ ವಾಲಿ ನಿಮ್ಮ ಕೈಮ್ಯಾಲ ಚೆಲ್ಲಿದಾಗ ‘ಅಯ್ಯಯ್ಯವ್ವಾ’ ಅಂದ್ರಿ. ನಮ್ಮಾವ್ರ ಅದಾರ ಅಂತ ಅನ್ಕೊಂಡೆ. ಹೇಳಾಕ ಮನಸಿಲ್ಲ ಅಂದ್ಮ್ಯಾಲ ನಾ ಯಾಕ ಕೇಳ್ಲಿ ಅಂತ ಸುಮ್ಮನಾದೆ.” ಅವನ ಕಿವಿ ಕಾದವು. ಎಷ್ಟೋ ವರ್ಷಗಳಿಂದ ಇಸ್ತ್ರಿ ಮಾಡಿಟ್ಟುಕೊಂಡದ್ದನ್ನು ಅವಳು ಅಷ್ಟು ಸಲೀಸಾಗಿ ಬಿಚ್ಚಿದ್ದಳು. ನಾಚಿಕೆಯಾಯಿತು, ಭಾಳ ನಾಚಿಕೆಯಾಯಿತು. ಆದರೂ ಅವನು ಸುಳ್ಳನ್ನು ಬಿಡಲಿಲ್ಲ; ಅದನ್ನೇ ಕನ್ನಡಕ್ಕೆ ತಂದ. “ಮಷೀನ್ ಕೆಟ್ಟದ. ಇನ್ನೊಮ್ಮೆ ಅಳೀಬೇಕಾಗೇದ. ಆಪರೇಷನ್ ಸ್ವಲ್ಪ ಮುಂದ ಹಾಕ್ರಿ.”

ಗಂಗಪ್ಪ ಹಣೆ ಬಡಿದುಕೊಂಡ. “ಸಾಕ್ರಿ ಸಾಹೇಬ್ರ ಇನ್ನ. ಎಷ್ಟ ಸಲ ಅಳೀತೀರಿ? ಹೊಟ್ಟ್ಯಾಗ ಕಲ್ಲ ಅದ, ಅದ ಖರೆ. ಕೊಯ್ದು ತಗೀಲಿ. ಈ ನಡಗೂದು, ಬೆವರೂದು, ಬಾಗಲದಾಗ ಯಾರೋ ಬಂದಾರ ಅಂತ ಒದರೂದು, ಅದೆಲ್ಲಾ ಏನೂ ಇಲ್ಲ ಅಂತ ನೀವ ಬರದ ಕೊಟ್ಟೀರಿ. ಅಲ್ಲೀಮಟಾ ನಾನೂ ಜಡ್ಡ ಅಂತ ನಂಬಿದ್ದೆ. ಕೆಲಸಾ ಬಿಟ್ಟು ಆಕಿ ಬಾಜೂಕ ಕುಂತಿರ್ತಿದ್ದೆ. ನಾರ್ಮಲ್ ಅಂದ್ಮ್ಯಾಲ ಒಂದೋ ಗಾಳಿ ಇರಬೇಕು, ಇಲ್ಲಾ ಸೋಗ ಇರಬೇಕು. ಗಾಳಿ ಇದ್ರ ಹೋಗ್ಲಿ ಅಂತ ನಮ್ಮೂರಿನ ಗಾಳಿ ಬಿಡಸಾವ್ರು ಒಬ್ರನ್ನ ಕರಸಿದ್ವಿ.” ಬಾಗಿಲಾಚೆಯಿಂದ ಜೈತುನಬಿ ಹೇಳಿದಳು: “ಮೆಣಸಿನಕಾಯಿ ಹೊಗಿ ಹಾಕಿದ್ರ ಯಪ್ಪಾ. ಕೌದಿ ಮುಚ್ಚಿ ಕುಂದ್ರಿಸಿ. ಸಾಯ್ತಾಳ ಬಿಡ್ರೋ ಅಂತ ನಾ ಬಡಕೊಂಡೆ. ಯಾರು ಕೇಳ್ತಾರ? ಹಾಳಿ ಮ್ಯಾಲ ಬರದದ, ಆಕಿಗೆ ಏನೂ ಆಗಿಲ್ಲ ಅಂತಂದ್ರು.” ಘಾಟು ಎಂದರೆ ಇದು. ಗೋಡೆಯ ಮೂಲೆಯಲ್ಲಿ ಕರಿಯಾದ ಮಣ್ಣಿನ ಪಾತ್ರೆಯೊಂದು ಇನ್ನೂ ಇತ್ತು, ಅದರಲ್ಲಿ ಸುಟ್ಟ ಬೀಜಗಳು. ಶಿವವ್ವ ಯಾರ ಕಡೆಯೂ ನೋಡದೆ ಸೆರಗಿನ ಚುಂಗನ್ನು ಸುತ್ತುತ್ತಿದ್ದಳು.

ಯಂತ್ರ ಕೆಟ್ಟಿದೆ ಎಂದರೆ ಇವರಿಗೆ ನಂಬಿಕೆ ಬರುವುದಿಲ್ಲ, ಸಂಜೆ ಕೈಚೀಲ ಎತ್ತಿಕೊಂಡು ಹೋಗೇ ಹೋಗುತ್ತಾರೆ. ನಾಳೆ ಬೆಳಿಗ್ಗೆ ಅವಳು ಆ ಟೇಬಲ್ ಮೇಲೆ ಮಲಗುತ್ತಾಳೆ, ನಾರ್ಮಲ್ ಆಗಿ. ದಿಗಂಬರನ ಬಾಯಿಂದ ಮಾತು ಹೊರಬಿದ್ದಾಗ ಅದು ಅಜ್ಜಿಯ ಅಡುಗೆಮನೆಯ ಕನ್ನಡವಾಗಿತ್ತು. “ಮಷೀನ್ ಕೆಟ್ಟಿಲ್ಲ. ನಾ ಸುಳ್ಳ ಹೇಳಿದೆ. ನಾರ್ಮಲ್ ಅಂತ ಇಟ್ಟು ಅಳದಿದ್ದು ನನ್ನ ಉಚ್ಚಿ. ಅದಕ್ಕ ಹೋಲಿಸಿ ಈಕೀಗೆ ಏನೂ ಇಲ್ಲ ಅಂತ ಬರದೆ. ಕೆಟ್ಟಾಂವ ನಾನು. ನನ್ನ ಮೈಯಾಗ ಎಷ್ಟ ಅಂಜಿಕಿ ಅದ ಅಂತ ನನಗ ಗೊತ್ತಿರ್ಲಿಲ್ಲ. ಈಕೀದು ಸೋಗಲ್ಲ. ಜಡ್ಡು, ಖರೇ ಜಡ್ಡು. ನಾಳೆ ಕೊಯ್ದ್ರ ಉಳೀಲಿಕ್ಕಿಲ್ಲ.” ದಿಗಂಬರ ಗಂಗಪ್ಪನ ಎದುರಿಗೇ ಮೊಬೈಲು ತೆಗೆದು ಆಸ್ಪತ್ರೆಗೆ ಹಚ್ಚಿದ. ಅದೇ ನರ್ಸು, ಅದೇ ಪ್ರಶ್ನೆ. ತನ್ನ ಹೆಸರು ಹೇಳಿದ, ಲ್ಯಾಬಿನ ಹೆಸರು ಹೇಳಿದ, ಮಲಗಿದ್ದರೂ ಸರ್ಜನರನ್ನು ಎಬ್ಬಿಸಿ ಎಂದ. ಸರ್ಜನರು ಬಂದು ಎಲ್ಲ ಕೇಳಿಸಿಕೊಂಡರು. ಆಮೇಲೆ ಬೈದರು, ಕೋಣೆಯೊಳಗಿನವರಿಗೆಲ್ಲ ಕೇಳುವಂತೆ ಬೈದರು. ನಾಳೆಯ ಆಪರೇಷನ್ ರದ್ದು, ಅವಳನ್ನು ಈಗಲೇ ಕರೆತರಬೇಕು, ಗಂಟು ಎಲ್ಲಿದೆ ಎಂದು ಮೊದಲು ನೋಡಬೇಕು. ನಿನ್ನ ಬಗ್ಗೆ ನಿನ್ನ ಮಾಲೀಕರ ಹತ್ತಿರ ನಾನು ಮಾತಾಡುತ್ತೇನೆ. “ಹೂಂ ಸರ್,” ಎಂದ ದಿಗಂಬರ. ಅವನ ಮುಖದ ಗೆರೆ ಅಲ್ಲಾಡಲಿಲ್ಲ. ಗಂಗಪ್ಪ ರಿಕ್ಷಾ ತರುತ್ತೇನೆಂದು ಅಂಗಿಯ ಗುಂಡಿಯನ್ನೂ ಹಾಕದೆ ಮೆಟ್ಟಿಲಿಳಿದು ಓಡಿದ.

ಮೊಬೈಲನ್ನು ಕಿಸೆಗೆ ಹಾಕಲು ಹೋದರೆ ಕಿಸೆ ಸಿಗಲಿಲ್ಲ. ಕೈ ಅಂಗಿಯ ಮೇಲೆ ಎಲ್ಲೆಲ್ಲೋ ಬಡಿದು ಬಡಿದು ವಾಪಸ್ಸು ಬಂತು. ಅವನು ಆ ಕೈಯನ್ನು ಬೇರೆಯವರದೆಂಬಂತೆ ನೋಡಿದ. ಹಸುಗೂಸಿನ ನರ ಹಿಡಿಯುತ್ತಿದ್ದ ಕೈ ತರತರ ನಡುಗುತ್ತಿತ್ತು. ಹಣೆಯಿಂದ ಬೆವರು ಕಣ್ಣಿಗೆ ಹರಿಯಿತು, ಒನಕೆ ಈಗ ತಲೆಯೊಳಗೆ ಕುಟ್ಟುತ್ತಿತ್ತು. ಬಂದ, ಬಾಟಲಿಯವನು ಬಂದ ಎಂದುಕೊಂಡ. ಕಂಡಕ್ಟರ ಗದರಿಕೆ, ವಿಕ್ರಮ ಬಾಬರ ಬೈಗಳು, ಬೆಂಚಿನ ಮೇಲಿನ ಹೆಂಗಸರ ಕಣ್ಣು, ಅಪ್ಪನ ಗೋಡೆ, ತಲೆಯ ಮೇಲಿಂದ ಹಾದು ಹೋದದ್ದೆಂದು ನಂಬಿದ್ದೆಲ್ಲ ಒಟ್ಟಿಗೆ ತಿರುಗಿ ಬಂದು ಬಾಗಿಲಲ್ಲಿ ನಿಂತಿತ್ತು. ಹೊರಗಿನ ಬಿಸಿಲು ಬೆಳ್ಳಗೆ ಉರಿಯುತ್ತಿತ್ತು, ಅದರ ನಡುವೆ ಹೊಸ್ತಿಲ ಮೇಲೆ ಕಪ್ಪಗೆ, ಆಳೆತ್ತರಕ್ಕೆ, ಮುಖವಿಲ್ಲದೆ. ಜೈತುನಬಿಯೇ? ಅಲ್ಲ, ಅವಳು ಪಕ್ಕದಲ್ಲಿ ಬೆಳ್ಳುಳ್ಳಿ ಆರಿಸುತ್ತಿದ್ದ ಸದ್ದು ಬೇರೆ ಕೇಳುತ್ತಿತ್ತು. ಅವನಿಗೆ ಕಣ್ಣು ಕೀಳಲಾಗಲಿಲ್ಲ.

“ಕುಂದರ್ರಿ ಅಣ್ಣಾರ,” ಎಂದಳು ಶಿವವ್ವ. ಅವನು ಕುಸಿದು ಕೂತ. “ಬಾಗಲಾ ನೋಡಬ್ಯಾಡ್ರಿ. ನನ್ನ ಕಡೆ ನೋಡ್ರಿ.” ಅವಳು ಗೋಡೆ ಬಿಟ್ಟು ಕೂತಲ್ಲಿಂದಲೇ ಸರಿದು ಬಂದು ಅವನ ನಡುಗುವ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದಳು. ಅವಳ ಅಂಗೈ ಒರಟಾಗಿತ್ತು, ಮೆಣಸಿನಕಾಯಿಯ ಘಾಟು ಇನ್ನೂ ಹೋಗಿರಲಿಲ್ಲ.

“ಯಾರ ಅದಾರ ಅಲ್ಲೆ?” ಅವನ ದನಿ ಹುಡುಗನದಾಗಿತ್ತು.

“ಯಾರೂ ಇಲ್ರಿ. ನಮ್ಮ ಮೈಯಾಗಿಂದ ಎದ್ದು ಅಲ್ಲಿ ಹೋಗಿ ನಿಂದರ್ತದ ಅದು. ತಾನ ಹೋಗ್ತದ.”

“ಎಷ್ಟೊತ್ತಿಗೆ ಹೋಗ್ತದ?”

“ಯಾರರ ಹಿಂಗ ಕೈ ಹಿಡಕೊಂಡು ಕುಂತ್ರ ಲಗೂನ ಹೋಗ್ತದ್ರಿ.” ಅವಳು ಅವನ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು. “ಮೊದಲ ನನ್ನ ಕೈನೂ ಹಿಡೀತಿದ್ರು. ಆಮ್ಯಾಲ ಯಾರೂ ಹಿಡೀಲಿಲ್ಲ. ನಾರ್ಮಲ್ ಅಂತ ಬಂದಿತ್ತಲ್ರಿ.”